ಬಿಸಿಯಾದ ಚೋಕ್ ವೈರು

ನಮಸ್ಕಾರ. ಇವತ್ತಿನ ಮಾತು ಒಂದು ಚೋಕ್ ವೈರಿನಿಂದ ಶುರು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗ ಎಳೆಯುವ ಗುಂಡಿಯಿಂದ ಎಂಜಿನ್ನಿಗೆ ಹೋಗುವ ಲೋಹದ ತಂತಿ ಅದು.

ನಮ್ಮ ಮನೆಯಲ್ಲಿ 1984ರ ಒಂದು ಅಂಬಾಸಿಡರ್ ಇದೆ. ಅಪ್ಪ ಓಡಿಸಿದ ಗಾಡಿ. ಅದರ 1489 ಸಿಸಿ ಎಂಜಿನ್ ಹೊಗೆ ಉಗುಳಿ ಉಗುಳಿ ಸುಸ್ತಾದ ಮೇಲೆ 1817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಹಾಕಿಸಿದೆವು. 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರೇ ಅಂಬಾಸಿಡರ್‌ಗೆ ಕೂರಿಸಿ ಮಾರಿದ ಎಂಜಿನ್ ಅದು. ಗುಜರಿಗೆ ಹೋಗುತ್ತಿದ್ದ ಇನ್ನೊಂದು ಅಂಬಾಸಿಡರ್‌ನಿಂದ ಗೇರ್‌ಬಾಕ್ಸ್ ಸಮೇತ ಸಿಕ್ಕಿತು. ಗ್ಯಾರೇಜಿನಿಂದ ಮನೆಗೆ ಬಂದ ದಿನ ಹೇಗೋ ಸ್ಟಾರ್ಟ್ ಆಗಿತ್ತು. ಮಾರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ "ಊಂ... ಊಂ..." ಅಂತ ಎರಡು ಸುತ್ತು ತಿರುಗಿ ನಿಂತುಬಿಟ್ಟಿತು.

ಬ್ಯಾಟರಿ ಬದಲಾಯಿಸಿ ಅಂದರು. ಹೊಸದು ತಂದೆವು. ಸೆಲ್ಫ್ ಮೋಟರ್ ವೀಕ್ ಆಗಿದೆ ಅಂದರು. ಬಿಚ್ಚಿ ರಿಪೇರಿ ಮಾಡಿಸಿದೆವು. ಕೊನೆಗೆ "ಎಂಜಿನ್ನೇ ಟೈಟ್ ಇದೆ, ಇಳಿಸಬೇಕಾಗುತ್ತೆ" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಗಾಡಿಗೆ ಕವರ್ ಹೊದಿಸಿ ಒಳಗೆ ಹೋದರು. ಆ ಸಂಜೆ ನನಗೆ ನಿಜವಾಗಿ ಸಂಕಟವಾಯಿತು.

ಒಂದು ಭಾನುವಾರ ನಾನು ಚೋಕ್ ಎಳೆದು ಹಿಡಿದುಕೊಂಡಿದ್ದೆ, ತಮ್ಮ ಕೀ ತಿರುಗಿಸುತ್ತಿದ್ದ. ಮೂರನೇ ಸಲಕ್ಕೆ ಬೆರಳು ಚುರ್ ಅಂದಿತು. ಚೋಕಿನ ಗುಂಡಿ ಕಾದಿತ್ತು! ಬಾನೆಟ್ ಎತ್ತಿ ನೋಡಿದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಹತ್ತಿರ ಚೋಕ್ ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಅಂಟುತ್ತಿತ್ತು. ಸುಟ್ಟ ವಾಸನೆ ಬೇರೆ.

ಯಾಕೆ ಹಾಗಾಯಿತು ಅಂದರೆ, ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಅದಕ್ಕೇ ಎಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದೇ ಅರ್ಥಿಂಗ್ ಪಟ್ಟಿ. ಎಂಜಿನ್ ಇಳಿಸುವಾಗ ಅದನ್ನು ಬಿಚ್ಚಿದ್ದರು, ಏರಿಸುವಾಗ ಹಾಕಲು ಮರೆತಿದ್ದರು. ಸೆಲ್ಫ್ ಎಳೆಯುವುದು ನೂರು, ನೂರೈವತ್ತು ಆಂಪಿಯರ್. ಅಷ್ಟು ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ದಾರಿ ಹುಡುಕುತ್ತದೆ. ಬ್ಯಾಟರಿಯ ಮೈನಸ್ ಸೇರಿರುವುದು ಬಾಡಿಗೆ. ಎಂಜಿನ್ನಿಂದ ಅಲ್ಲಿಗೆ ಸಿಕ್ಕ ದಾರಿ ತೆಳ್ಳನೆಯ ಚೋಕ್ ವೈರು. ಆ ಪಟ್ಟಿ ಡಿಕ್ಕಿಯಲ್ಲಿ ಹಳೇ ಬೋಲ್ಟುಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಿದ್ದಿತ್ತು. ಎರಡೂ ತುದಿ ಉಜ್ಜಿ, ಬಣ್ಣ ಕೆರೆದು, ಬಿಗಿದೆವು. ಒಂದೇ ಸೆಲ್ಫಿಗೆ ಸ್ಟಾರ್ಟ್.

ನಾನು ಹೇಳಬೇಕೆಂದಿರುವುದು ಇಷ್ಟೇ. ಎಂಜಿನ್ ಬದಲಾಯಿಸಿದ ಹಳೇ ಗಾಡಿ ಸ್ಟಾರ್ಟ್ ಆಗದಿದ್ದರೆ ಬಂದ ಎಂಜಿನ್ನನ್ನು ಬೈಯಬೇಡಿ, ಮೊದಲು ಹಳೇ ವೈರಿಂಗ್ ನೋಡಿ. ಅಳೆದು ನೋಡುವ ಮುಂಚೆ ಒಂದು ಪಾರ್ಟ್ ಕೂಡ ಕೊಳ್ಳಬೇಡಿ. ಬ್ಯಾಟರಿ, ಸೆಲ್ಫ್, ಕಾಯಿಲ್, ಪ್ಲಗ್ ಅಂತ ಒಂದೊಂದಾಗಿ ಬದಲಾಯಿಸುತ್ತಾ ಹೋಗುವುದು ರಿಪೇರಿ ಅಲ್ಲ. ಅದು ಗ್ರಾಹಕನ ದುಡ್ಡಿನಲ್ಲಿ ಊಹೆ ಮಾಡುವುದು. ಇದನ್ನು ಕೋಪದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಎಷ್ಟೋ ಒಳ್ಳೆಯ ಗಾಡಿಗಳು ಹೀಗೆ ಬೇಸರ ಹುಟ್ಟಿಸಿಯೇ ಗುಜರಿ ಸೇರುತ್ತಿವೆ.

ಅಳೆಯಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ ನೋಡಿ, 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ ಅಂತಲೇ ಲೆಕ್ಕ. 150 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಬರೀ 0.02 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಹೋಯಿತು. ಆಮೇಲೆ ಬ್ಯಾಟರಿ ಎಷ್ಟೇ ಹೊಸದಿರಲಿ, ಸೆಲ್ಫಿಗೆ ಸಿಗುವುದು ಉಳಿದದ್ದು ಮಾತ್ರ. ಒಂದು ಬೋಲ್ಟಿನ ಕೆಳಗಿನ ತುಕ್ಕು ಸಾಕು ಇದಕ್ಕೆ.

ಇನ್ನು ಕೆಲವರಿಗೆ ಸೆಲ್ಫ್ ತಿರುಗುವುದೇ ಇಲ್ಲ, ಬರೀ "ಕಟ್ ಕಟ್" ಅನ್ನುತ್ತದೆ. ಅರ್ಥಿಂಗ್ ಸರಿಯಿದ್ದೂ ಹೀಗಾದರೆ ಕೀ ಕಡೆಯ ವೈರ್ ನೋಡಿ. ಹಳೇ ಗಾಡಿಗಳಲ್ಲಿ ಸೊಲೆನಾಯ್ಡ್, ಅಂದರೆ ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್, ಬೇರೆಯಾಗಿ ಬಾಡಿಯ ಮೇಲಿರುತ್ತಿತ್ತು. ಅದಕ್ಕೆ ಬೇಕಾದ ಕರೆಂಟ್ ಕಮ್ಮಿ. ಆಮೇಲಿನ ಎಂಜಿನ್ನುಗಳಲ್ಲಿ ಸೊಲೆನಾಯ್ಡ್ ಸೆಲ್ಫಿನ ಬೆನ್ನ ಮೇಲೇ ಇರುತ್ತದೆ. ಎಂಜಿನ್ ತಿರುಗಿಸುವ ಪುಟ್ಟ ಹಲ್ಲುಚಕ್ರವನ್ನು (ಪಿನಿಯನ್) ತಳ್ಳುವ ಕೆಲಸವೂ ಅದರದ್ದೇ, ಹಾಗಾಗಿ ತುಂಬಾ ಕರೆಂಟ್ ಎಳೆಯುತ್ತದೆ. ಮೂವತ್ತು, ನಲವತ್ತು ವರ್ಷದ ಕೀ ಸ್ವಿಚ್ಚಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ನಡುವೆ ಒಂದು ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ, ದೊಡ್ಡ ಖರ್ಚಲ್ಲ. ಕೀಗೆ ಭಾರ ತಪ್ಪುತ್ತದೆ, ಸೊಲೆನಾಯ್ಡಿಗೆ ದಪ್ಪ ವೈರಿನಿಂದ ನೇರ ಕರೆಂಟ್ ಸಿಗುತ್ತದೆ.

ಕಿವಿಗೊಟ್ಟು ಕೇಳಿದರೂ ತುಂಬಾ ಗೊತ್ತಾಗುತ್ತದೆ. ಸೆಲ್ಫ್ ಹೊಡೆಯುವಷ್ಟು ಹೊತ್ತು ಎಂಜಿನ್ ಹಿಡಿದು, ಕೀ ಬಿಟ್ಟ ತಕ್ಷಣ ಸಾಯುತ್ತದೆಯಾ? ಹಾಗಿದ್ದರೆ ಕೀ ಆನ್ ಇರುವಾಗ, ಪ್ಲಗ್ಗಿನ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಕರೆಂಟ್ ಹೋಗುತ್ತಿಲ್ಲ. ಕಾಯಿಲ್‌ಗೆ ಹೋಗುವ ಕರೆಂಟ್ ಕಮ್ಮಿ ಮಾಡುವ ಬ್ಯಾಲಾಸ್ಟ್ ರೆಸಿಸ್ಟರ್ ಇದ್ದರೆ ಅದು ಕಟ್ ಆಗಿರಬಹುದು. ಸೆಲ್ಫ್ ಹೊಡೆಯುವಾಗ ಏನೂ ಇಲ್ಲ, ಕೀ ಬಿಡುವ ಆ ಕ್ಷಣದಲ್ಲಿ ಮಾತ್ರ "ಭುಸ್" ಅಂತ ಹಿಡಿಯಲು ನೋಡುತ್ತದೆಯಾ? ಆಗ ಸಮಸ್ಯೆ ಉಲ್ಟಾ, ತಿರುಗುವಾಗ ಕಾಯಿಲ್‌ಗೆ ಕರೆಂಟಿಲ್ಲ. ಕಾರ್ಬೊರೇಟರ್‌ನಿಂದ "ಫಟ್" ಅಂತ ವಾಪಸ್ ಹೊಡೆದರೆ ಪ್ಲಗ್ ವೈರುಗಳ ಕ್ರಮ ನೋಡಿ. ಈ ನಾಲ್ಕು ಸಿಲಿಂಡರ್ ಎಂಜಿನ್ನುಗಳಲ್ಲಿ ಅದು 1-3-4-2. ಕ್ರಮ ಸರಿಯಿದ್ದೂ ಫಟ್ ಅಂದರೆ, ಒಂದೊಂದು ಪ್ಲಗ್ಗಿಗೂ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿರಬಹುದು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳುತ್ತಾ ಪಿಸ್ಟನ್ ಮೇಲೆ ಬಂದಾಗ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದನೇ ವೈರಿನ ಕಡೆಗೆ ಮುಖ ಮಾಡಿರಬೇಕು. ಪೆಟ್ರೋಲ್ ಬರುತ್ತಿದೆಯಾ ಇಲ್ಲವಾ ಅನ್ನುವುದನ್ನು ಎಲ್ಲರೂ ಮೊದಲೇ ನೋಡಿರುತ್ತಾರೆ, ಅದನ್ನು ಬಿಡೋಣ.

ಮರೆಯುವ ಮುಂಚೆ ಇನ್ನೊಂದು ಮಾತು. ಎಂಜಿನ್ ಹಾಕಿಸುವ ಮುಂಚೆಯೇ ಆರ್‌ಟಿಒನಲ್ಲಿ ವಿಚಾರಿಸಿ, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಇನ್ಶೂರೆನ್ಸಿನವರಿಗೂ ತಿಳಿಸಿ.

ಅಪ್ಪ ಈಗ ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದ್ದಾರೆ. ಬ್ಯಾಟರಿ ವೋಲ್ಟೇಜ್, ಸೆಲ್ಫ್ ಹೊಡೆಯುವಾಗ ಎಷ್ಟು, ಬ್ಲಾಕಿನಿಂದ ಮೈನಸ್‌ಗೆ ಎಷ್ಟು. ತಿಂಗಳಿಗೊಂದು ಸಲ ಕನ್ನಡಕ ಹಾಕಿಕೊಂಡು ಅಳೆದು, ತಾರೀಖು ಹಾಕಿ, ಪೆನ್ಸಿಲಿನಲ್ಲಿ ಬರೆಯುತ್ತಾರೆ. ಹೋದ ಭಾನುವಾರದ ಕೊನೇ ಅಂಕಿ 0.15.