ಆಫ್, ಅಂಡರ್, ಬೈ: ಅಪ್ಪಣೆಯ ಇಂಗ್ಲಿಷ್

ಕೇಳುಗರಿಗೆ ನಮಸ್ಕಾರ.

ಕೆಲಸಕ್ಕೆಂದು ನಾನು ಬರೆದ ಮೊದಲ ಅರ್ಜಿಯಲ್ಲಿ ಒಂದು ಸಾಲಿತ್ತು. 'ಐ ಹ್ಯಾವ್ ಗುಡ್ ಕಮಾಂಡ್ ಓವರ್ ಇಂಗ್ಲಿಷ್.' ಇಂಗ್ಲಿಷಿನ ಮೇಲೆ ಹಿಡಿತ ಇದೆ ಎಂದು ಹೇಳುವ ಸಾಲಿನಲ್ಲೇ ಹಿಡಿತ ಜಾರಿತ್ತು! 'ಎ ಗುಡ್ ಕಮಾಂಡ್ ಆಫ್ ಇಂಗ್ಲಿಷ್' ಎನ್ನಬೇಕಿತ್ತು. ನಮ್ಮ 'ಮೇಲೆ' ಸುಮ್ನೆ 'ಓವರ್' ಆಗಿ ಬಂದು ಕೂತಿತ್ತು. ನಮ್ಮಲ್ಲಿ ಎಷ್ಟೋ ಜನ ಹಾಗೇ ಬರೆಯುತ್ತಾರೆ, ಓದಿದವರಿಗೆ ಅರ್ಥವೂ ಆಗುತ್ತದೆ. ಅದಕ್ಕೇ ನಾನು ಜಾಸ್ತಿ ಬೈಯುವುದಿಲ್ಲ. ಆದರೆ ಹೊರದೇಶಕ್ಕೆ ಹೋಗುವ ಅರ್ಜಿಯಲ್ಲಿ 'ಆಫ್' ಇರಲಿ. 'ಗುಡ್'ಗೆ ಮೊದಲು ಬರುವ ಆ ಪುಟ್ಟ 'ಎ' ಕೂಡ ಇರಲಿ.

ಇದಕ್ಕಿಂತ ದೊಡ್ಡ ಎಡವಟ್ಟು ಬೇರೆ ಇದೆ. 'ಇನ್ ಕಮಾಂಡ್ ಆಫ್' ಎಂದರೆ ಅಧಿಕಾರ ನಡೆಸುವವನು. 'ಅಂಡರ್ ದ ಕಮಾಂಡ್ ಆಫ್' ಎಂದರೆ ಆ ಅಧಿಕಾರಕ್ಕೆ ಒಳಪಟ್ಟವನು. ಕನ್ನಡದಲ್ಲೂ ಹೀಗೇ ಅಲ್ವಾ? ಅಧಿಕಾರ 'ಕೈಯಲ್ಲಿ' ಇದ್ದವನೇ ಬೇರೆ, 'ಕೈಕೆಳಗೆ' ದುಡಿಯುವವನೇ ಬೇರೆ. 'ಅಟ್ ಹಿಸ್ ಕಮಾಂಡ್' ಎಂದರೆ ಬೇಕೆಂದಾಗ ಅವನ ಕೈಗೆ ಸಿಗುವಂಥದ್ದು. ದುಡ್ಡಾಗಲಿ, ಆಳಾಗಲಿ, ಪದಗಳಾಗಲಿ.

'ಚಾರ್ಜ್' ಇನ್ನೂ ಸೂಕ್ಷ್ಮ. 'ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್.' ಇಲ್ಲಿ ಮಗುವನ್ನು ನೋಡಿಕೊಳ್ಳುವವಳು ನರ್ಸ್. ಇದನ್ನೇ ತಿರುಗಿಸಿ, ಮಗು ನರ್ಸಿನ ಸುಪರ್ದಿಯಲ್ಲಿದೆ ಎನ್ನಬೇಕಾದರೆ ನಡುವೆ ಒಂದು 'ದ' ಬೇಕು. 'ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್.' ಆ 'ದ' ಬಿಟ್ಟರೆ ಮಗುವೇ ನರ್ಸಮ್ಮನಿಗೆ ಮೇಲಧಿಕಾರಿ! ಮನೆಯಲ್ಲಿ ಎಳೆಮಗು ಇರುವವರು ಇದೇನೂ ಸುಳ್ಳಲ್ಲ ಎಂದಾರು, ಆ ಮಾತು ಬೇರೆ.

ಇನ್ನು 'ಆರ್ಡರ್'. 'ಗೇಟು ಮುಚ್ಚಲು ಆದೇಶಿಸಿದರು' ಎಂದರೆ ಕನ್ನಡಕ್ಕೆ ಸಾಕು. ಇಂಗ್ಲಿಷಿಗೆ ಸಾಲದು. 'ಹಿ ಆರ್ಡರ್ಡ್ ಟು ಕ್ಲೋಸ್ ದ ಗೇಟ್' ಎಂದು ಬರೆಯುವಂತಿಲ್ಲ. ಯಾರಿಗೆ ಹೇಳಿದರು? 'ಹಿ ಆರ್ಡರ್ಡ್ ದ ವಾಚ್‌ಮನ್ ಟು ಕ್ಲೋಸ್ ದ ಗೇಟ್' ಎನ್ನಿ. ವಾಚ್‌ಮನ್ ಹೆಸರೆತ್ತುವುದು ಬೇಡವೇ? 'ಹಿ ಆರ್ಡರ್ಡ್ ದಟ್ ದ ಗೇಟ್ ಬಿ ಕ್ಲೋಸ್ಡ್.' ಅಲ್ಲಿ 'ಈಸ್' ಅಲ್ಲ, 'ಬಿ'. ಗೇಟು ಇನ್ನೂ ಮುಚ್ಚಿಲ್ಲ ನೋಡಿ, ಮುಚ್ಚತಕ್ಕದ್ದು ಅಷ್ಟೇ. ನಮ್ಮ ಕಚೇರಿಗಳ 'ತಕ್ಕದ್ದು'ವಿನ ಕೆಲಸವನ್ನು ಇಲ್ಲಿ ಆ ಪುಟ್ಟ 'ಬಿ' ಮಾಡುತ್ತದೆ.

ಕಚೇರಿ ಎಂದಾಗ ನೆನಪಾಯಿತು. ಕರ್ನಾಟಕ ಸರ್ಕಾರದ ಆದೇಶಗಳ ಕೊನೆಯಲ್ಲಿ, ಸಹಿಯ ಮೇಲೆ, 'ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದಿರುತ್ತದೆ. ರಾಜ್ಯ ಸರ್ಕಾರದ ಆಡಳಿತದ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲೇ ಹೊರಡಬೇಕು ಎಂದು ಸಂವಿಧಾನದ 166ನೇ ವಿಧಿ ಹೇಳುತ್ತದೆ. ಇದರ ಇಂಗ್ಲಿಷ್ ರೂಪ ಶುರುವಾಗುವುದು 'ಬೈ ಆರ್ಡರ್' ಎಂದು. ನಡುವೆ 'ದ' ಇಲ್ಲ. ನೋಟಿಸು, ಫಲಕಗಳಿಗೂ 'ಬೈ ಆರ್ಡರ್ ಆಫ್' ಎಂಬುದೇ ಸರಿ. ಸುದ್ದಿ ಬರೆಯುವಾಗ ಮಾತ್ರ 'ಆನ್ ದ ಆರ್ಡರ್ಸ್ ಆಫ್'. ಮೇಲಿನವರು ಹೇಳಿದ್ದಕ್ಕೆ ಮಾಡಿದರು ಎಂದು ಅರ್ಥ.

ಕೊನೆಗೆ ನಮ್ಮ 'ಅಪ್ಪಣೆ'. ದೊರೆ ಕೊಟ್ಟ ಅಪ್ಪಣೆ 'ಆರ್ಡರ್' ಸರಿ. ಆದರೆ ನೆಂಟರು ಎದ್ದು ನಿಂತು 'ಅಪ್ಪಣೆ ಕೊಡಿ, ಬರ್ತೀವಿ' ಎಂದರೆ ಅದು 'ಪರ್ಮಿಷನ್'. ಅಲ್ಲಿ 'ಆರ್ಡರ್' ಎಂದು ಬರೆದಿರೋ, ಹೋಟೆಲಿನ ಮಾಣಿ ಬಂದು ನಿಂತ ಹಾಗಾಗುತ್ತದೆ.

ನನಗೂ ಹೊತ್ತಾಯಿತು. ಅಪ್ಪಣೆ ಕೊಡಿ, ಬರ್ತೀನಿ.