ಟೇಕಲ್‌ವರೆಗೆ ಒಂದು ಟಿಕೆಟ್

ಕೇಳುಗರಿಗೆ ನಮಸ್ಕಾರ.

ನಾನು ಬಂಗಾರಪೇಟೆಯವನು. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮನೆ ಸೇರುವವರಲ್ಲಿ ನಾನೂ ಒಬ್ಬ.

ಒಂದು ದಿನ ಮಾಲೂರು ದಾಟಿತ್ತು. ಬೋಗಿಯಲ್ಲಿ ನಿಂತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳು ಜುಮ್ಮೆಂದವು. ಎಷ್ಟು ಎಳೆದುಕೊಂಡರೂ ಉಸಿರು ಸಾಲುತ್ತಿಲ್ಲ. ಸತ್ತೇ ಹೋಗುತ್ತೇನೆ ಅಂದುಕೊಂಡೆ. ವೈಟ್‌ಫೀಲ್ಡ್‌ನಲ್ಲಿ ಯಾರೋ ಪುಣ್ಯಾತ್ಮರು ಕೈಹಿಡಿದು ಇಳಿಸಿದರು. ಆಸ್ಪತ್ರೆಯಲ್ಲಿ ಇಸಿಜಿ ಆಯಿತು, ರಕ್ತಪರೀಕ್ಷೆ ಆಯಿತು. 'ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ' ಅಂದರು ಡಾಕ್ಟರು.

ಹೃದಯ ಚೆನ್ನಾಗಿದೆ ಎಂದು ತಿಳಿದದ್ದು ಒಳ್ಳೆಯದೇ. ಆದರೆ ಆ 'ಏನೂ ಇಲ್ಲ' ನನ್ನನ್ನು ಇನ್ನೂ ಜಾಸ್ತಿ ಹೆದರಿಸಿತು. ಏನೂ ಇಲ್ಲದಿದ್ದರೆ ಅದೇ ವಾರ ಮತ್ತೆರಡು ಸಲ ಯಾಕೆ ಬಂತು? ರೈಲು ಹತ್ತುವುದನ್ನೇ ಬಿಟ್ಟೆ. ಅಪ್ಪ ಕೊರೆಸಿದ ಬೋರ್‌ವೆಲ್ ಸಾವಿರ ಅಡಿ ದಾಟಿಯೂ ನೀರು ಕೊಟ್ಟಿರಲಿಲ್ಲ. ಆ ಸಾಲ ನನ್ನ ತಲೆಯ ಮೇಲಿತ್ತು. ರಜೆ ಹಾಕಿ ಮನೆಯಲ್ಲಿ ಕೂತರೆ ಆಗುತ್ತಾ?

ಅಮ್ಮ ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಕೈಗೆ ದಾರ ಕಟ್ಟಿಸಿದಳು. ತಂಗಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿ ಕೊಟ್ಟಳು. 2022ರಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಮಾತಾಡಿದ ಮೇಲೆ ಥೆರಪಿಸ್ಟ್, ಅಂದರೆ ಮಾತುಕತೆಯಿಂದಲೇ ಮನಸ್ಸಿಗೆ ಚಿಕಿತ್ಸೆ ಕೊಡುವವರ ಹತ್ತಿರ ಹೋಗುವ ಧೈರ್ಯ ಬಂತು.

ಊರಿಗೆಲ್ಲ ಗೊತ್ತಾದರೆ ಅನ್ನುವ ಭಯ ಇತ್ತು. ಥೆರಪಿಸ್ಟ್ ಹತ್ತಿರ ಮೊದಲು ಅದನ್ನೇ ಕೇಳಿದೆ. ನಿಮ್ಮ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ, ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ ಮಾತು ಎಂದರು. ನಮ್ಮ ಮನೆಯಲ್ಲಿ ಆಡುವುದು ತೆಲುಗು. ಅಳು ಬಂದಾಗ ನನಗೇ ಗೊತ್ತಿಲ್ಲದೆ ತೆಲುಗಿಗೆ ಹೊರಳಿದೆ. ಅವರೂ ತೆಲುಗಿನಲ್ಲೇ ಮಾತು ಮುಂದುವರಿಸಿದರು. ಅವತ್ತಿನಿಂದ ಅವರ ಮುಂದೆ ಮನಸ್ಸು ಬಿಚ್ಚಿದೆ. ಕೈಯ ದಾರ ಬಿಚ್ಚಿ ಅಂತ ಅವರು ಒಂದು ದಿನವೂ ಹೇಳಲಿಲ್ಲ.

ನನಗೆ ಆಗಿದ್ದಕ್ಕೆ ಒಂದು ಹೆಸರಿತ್ತು, ಪ್ಯಾನಿಕ್ ಅಟ್ಯಾಕ್. ಗಾಬರಿಯಲ್ಲಿ ಉಸಿರು ಜೋರಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದಕ್ಕೇ ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಇಷ್ಟು ತಿಳಿದದ್ದಕ್ಕೇ ಅರ್ಧ ಭಾರ ಇಳಿಯಿತು ನೋಡಿ. ಬೇಕಾದರೆ ಮಾತ್ರೆಗೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ ಎಂದಿದ್ದರು. ನನಗೆ ಬೇಕಾಗಲಿಲ್ಲ. ಬೇಕಾದವರು ತೆಗೆದುಕೊಳ್ಳಲಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದರು. ಎಲ್ಲಿದ್ದೆ, ಏನು ಯೋಚನೆ ಬಂತು, ಹತ್ತಕ್ಕೆ ಎಷ್ಟು ಭಯ, ಇಷ್ಟು ಬರೆಯಬೇಕು. ಮೊದಲ ವಾರ ರೈಲು ಹತ್ತುವಂತಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ನಾಲ್ಕು ಎಣಿಸಿ ಉಸಿರು ಎಳೆದು, ಆರು ಎಣಿಸಿ ಬಿಡಬೇಕು. ರೈಲು ಬಂದು ಹೋಗುವುದನ್ನು ನೋಡಬೇಕು, ಅಷ್ಟೇ. ಎರಡನೇ ವಾರ, ಮಾಲೂರಿಗಿಂತ ಮೊದಲೇ ಬರುವ ಟೇಕಲ್‌ವರೆಗೆ ಟಿಕೆಟ್ ತೆಗೆದುಕೊಂಡೆ. ಇಳಿದು, ಟೀ ಕುಡಿದು, ವಾಪಸ್ ಬಂದೆ. ಆಮೇಲೆ ಮಾಲೂರು. ಮಾಲೂರಿಗೇ ಮೂರು ವಾರ ಹಿಡಿಯಿತು. ಒಂದು ಸಲ ಅರ್ಧಕ್ಕೇ ಇಳಿದುಬಿಟ್ಟೆ. 'ಪರವಾಗಿಲ್ಲ, ಅದನ್ನೂ ಬರೀರಿ' ಎಂದರು.

ಆ ಪುಟ ಈಗಲೂ ನನ್ನ ಹತ್ತಿರ ಇದೆ. 'ಮಾಲೂರು, ಒಂಬತ್ತು' ಅಂತಿದೆ. ಅದರ ಕೆಳಗೆ ಬೇರೆ ಬೇರೆ ದಿನದ್ದು ಏಳು, ಏಳು, ಐದು, ಮತ್ತೆ ಎಂಟು, ನಾಲ್ಕು. ನಿನ್ನೆ ಬೆಳಗ್ಗೆಯೂ ಮಾಲೂರು ದಾಟುವಾಗ ಎದೆ ಸ್ವಲ್ಪ ಹೊಡೆದುಕೊಂಡಿತು. ಬರೆಯಲು ಪೆನ್ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿ ತನ್ನ ಪೆನ್ ಕೊಟ್ಟಳು.

ನಂಬರ್ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.