ಹೈಸ್ಕೂಲಿಗೆ ಕಾಲೇಜಿನ ಅಕ್ಕಂದಿರು ಹೋದರೆ ಏನು ಪ್ರಯೋಜನ?

ನಮಸ್ಕಾರ. ಕಾಸರಗೋಡಿನಲ್ಲಿ ಎಂ.ಎಸ್ಸಿ. ಓದುತ್ತಿರುವ ವೀಕ್ಷಕಿಯೊಬ್ಬರು ಕೇಳಿದ್ದಾರೆ: "ನಮ್ಮದೊಂದು ವಿದ್ಯಾರ್ಥಿನಿಯರ ವಿಜ್ಞಾನ ಸಂಘ. ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಹುಡುಗಿಯರ ಬಳಿಗೆ ಹೋಗಬೇಕೆಂದಿದ್ದೇವೆ. ನಮ್ಮಂಥವರು ಹೋದರೆ ಸಾಕೇ, ದೊಡ್ಡ ವಿಜ್ಞಾನಿಯನ್ನೇ ಕರೆಸಬೇಕೇ?"

ಹುಡುಗಿಯರು ವಿಜ್ಞಾನ ಏಕೆ ಓದಬೇಕು ಎಂದು ನಾನು ವಾದಿಸುತ್ತಾ ಕೂರುವುದಿಲ್ಲ. ಅದು ಮುಗಿದ ಮಾತು. ಮುಂದೆ ಹೋಗೋಣ.

[ಪರದೆಯಲ್ಲಿ: ಮಕ್ಕಳು ಬಿಡಿಸಿದ ಚಿತ್ರಗಳು]

ಮಕ್ಕಳ ಕೈಗೆ ಹಾಳೆ ಕೊಟ್ಟು "ಒಬ್ಬ ವಿಜ್ಞಾನಿಯ ಚಿತ್ರ ಬಿಡಿಸಿ" ಎನ್ನುವ ಪರೀಕ್ಷೆಯೊಂದಿದೆ. ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳ ಪೈಕಿ ಮಹಿಳಾ ವಿಜ್ಞಾನಿಯನ್ನು ಬಿಡಿಸಿದವರು 28 ಮಂದಿ. ಅಷ್ಟೂ ಮಂದಿ ಹುಡುಗಿಯರೇ. ಅಮೆರಿಕದಲ್ಲಿ ಐದು ದಶಕ ನಡೆದ ಇಂಥ ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಸ್ಥಿತಿ ಸುಧಾರಿಸಿರುವುದು ಕಂಡಿತು. ಆದರೂ ಆರು ವರ್ಷದ ಹುಡುಗಿಯರ ಚಿತ್ರಗಳಲ್ಲಿ ಸುಮಾರು ಶೇಕಡ 70ರಷ್ಟು ಹೆಣ್ಣು ವಿಜ್ಞಾನಿಗಳಿದ್ದರೆ, ಹದಿನಾರರ ವಯಸ್ಸಿಗೆ ಅದು ಶೇಕಡ 25ಕ್ಕೆ ಬಂದಿತ್ತು. ನೀವು ಹೋಗಲಿರುವ ಎಂಟು, ಒಂಬತ್ತನೇ ತರಗತಿ ಇರುವುದು ಈ ಇಳಿಜಾರಿನಲ್ಲೇ.

ಹಾಗಾದರೆ ಗೋಡೆಯ ಮೇಲೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಫೋಟೋ ತೂಗುಹಾಕಿದರೆ ಆಗದೇ? 1897ರಲ್ಲಿ ಇದೇ ಕರಾವಳಿಯ ತಲಶ್ಶೇರಿಯಲ್ಲಿ ಹುಟ್ಟಿ, ಕಬ್ಬಿನ ತಳಿಗಳ ಮೇಲೆ ಸಂಶೋಧನೆ ನಡೆಸಿ, 1945ರಲ್ಲಿ ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಕೃಷಿ ಸಸ್ಯಗಳ ವರ್ಣತಂತುಗಳ ಮಹಾಸಂಗ್ರಹವನ್ನೇ ಹೊರತಂದವರು. ಧಾರಾಳವಾಗಿ ಹಾಕಿ. ಆದರೆ "ಹನ್ನೊಂದನೇ ತರಗತಿ, ಅಂದರೆ ಪ್ಲಸ್ ಒನ್‌ನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಂತೆ, ನೀವು ಹೇಗೆ ಸುಧಾರಿಸಿಕೊಂಡಿರಿ?" ಎಂದು ಫೋಟೋವನ್ನು ಕೇಳಲಾಗುವುದಿಲ್ಲ. ಪೆರ್ಲದಿಂದ ಬಂದ ಅಕ್ಕನನ್ನು ಕೇಳಬಹುದು.

ಇದಕ್ಕೆ ಪುರಾವೆಯೂ ಇದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದ 150 ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಹಿರಿಯ ವಿದ್ಯಾರ್ಥಿನಿ, ಕೆಲವರಿಗೆ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಕರಾದರು. ಉಳಿದವರಿಗೆ ಯಾರೂ ಇರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ ವರ್ಷ ಮುಗಿದಾಗ ಅಕ್ಕಂದಿರಿದ್ದ ಗುಂಪಿನಲ್ಲಿ ಒಬ್ಬರೂ ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ಯಾರೂ ಇಲ್ಲದವರಲ್ಲಿ ಶೇಕಡ 11, ಅಣ್ಣಂದಿರಿದ್ದವರಲ್ಲಿ ಶೇಕಡ 18 ಮಂದಿ ಬಿಟ್ಟಿದ್ದರು. (ಅಣ್ಣಂದಿರೇ, ಕಮೆಂಟಿಗೆ ಓಡಬೇಡಿ, ಗುಂಪುಗಳು ಚಿಕ್ಕವು.) ಸ್ವಾರಸ್ಯವೆಂದರೆ ಅಂಕಗಳಲ್ಲಿ ಮೂರು ಗುಂಪಿಗೂ ವ್ಯತ್ಯಾಸವಿರಲಿಲ್ಲ! ಬಿಟ್ಟುಹೋದವರು ದಡ್ಡರಾಗಿ ಬಿಟ್ಟಿದ್ದಲ್ಲ. ಇದು ತಮ್ಮ ಜಾಗವಲ್ಲ ಎನ್ನಿಸಿ ಬಿಟ್ಟರು.

ಸರಿ, ಅಕ್ಕಂದಿರು ಕೈಯಲ್ಲಿ ಏನು ಹಿಡಿದು ಹೋಗಬೇಕು? ದಯವಿಟ್ಟು ಅಡುಗೆ ಸೋಡಾದ ಜ್ವಾಲಾಮುಖಿ ಬೇಡ. ಒಂದು ಮೀಟರ್ ಉದ್ದದ ನೇರ ಕೋಲು ಸಾಕು.

[ಪರದೆಯಲ್ಲಿ: ಶಾಲೆಯ ಅಂಗಳ, ನೆಟ್ಟ ಕೋಲು]

ನಮ್ಮೂರಿನಲ್ಲಿ ಕೋಲಿನ ನೆರಳು ಪೂರ್ತಿ ಮಾಯವಾಗುವ ದಿನಗಳು ವರ್ಷಕ್ಕೆ ಎರಡು: ಏಪ್ರಿಲ್ ನಾಲ್ಕನೇ ವಾರದಲ್ಲೊಂದು, ಆಗಸ್ಟ್ ಮೂರನೇ ವಾರದಲ್ಲೊಂದು. ಏಪ್ರಿಲಿನಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಸೂರ್ಯನಿಗೆ ರಜೆ. ಆದ್ದರಿಂದ ಸೆಪ್ಟೆಂಬರ್ 22-23ಕ್ಕೆ ಹೋಗಿ. ಅಂದು ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ.

ಹುಡುಗಿಯರು ಗಡಿಯಾರ ನೋಡಿ ಸರಿಯಾಗಿ ಹನ್ನೆರಡಕ್ಕೆ ನೆರಳು ಅಳೆಯಲಿ. 24 ಸೆಂ.ಮೀ. ಆಸುಪಾಸು ಬರುತ್ತದೆ. ಐದೈದು ನಿಮಿಷಕ್ಕೊಮ್ಮೆ ಅಳೆಯುತ್ತಾ ಹೋದರೆ ನೆರಳು ಇನ್ನೂ ಗಿಡ್ಡವಾಗುತ್ತಲೇ ಇರುತ್ತದೆ! ಕನಿಷ್ಠಕ್ಕೆ, ಅಂದರೆ ಸುಮಾರು 22 ಸೆಂ.ಮೀ.ಗೆ ಇಳಿಯುವುದು 12 ಗಂಟೆ 23 ನಿಮಿಷದ ಹೊತ್ತಿಗೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾಸರಗೋಡು ಇರುವುದು ಹತ್ತಿರಹತ್ತಿರ 75ರಲ್ಲಿ. ಏಳೂವರೆ ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು ಅರ್ಧ ಗಂಟೆ ತಡ. ಆ ದಿನಗಳಲ್ಲಿ ಸೂರ್ಯ ಏಳು ನಿಮಿಷ ಬೇಗ ಬರುತ್ತಾನೆ, ಅದನ್ನು ಕಳೆಯಿರಿ. ಇನ್ನು ಆ 22 ಸೆಂ.ಮೀ. ಮತ್ತು ಒಂದು ಮೀಟರ್ ಕೋಲನ್ನು ಕಾಗದದಲ್ಲಿ ತ್ರಿಕೋನವಾಗಿ ಬರೆದು, ಕೋಲಿನ ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆದರೆ ಹನ್ನೆರಡೂವರೆ ಡಿಗ್ರಿ. ಅದು ಕಾಸರಗೋಡಿನ ಅಕ್ಷಾಂಶ. ಭೂಪಟವಿಲ್ಲದೆ, ಮೊಬೈಲ್ ಇಲ್ಲದೆ, ಶಾಲೆಯ ಅಂಗಳದಲ್ಲೇ ಸಿಕ್ಕಿತು. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದು ಬೇಗಬೇಗ. ಒಮ್ಮೆ ಹೋಗಿ ಸೆಲ್ಫಿ ತೆಗೆದು ಮರಳಬೇಡಿ. ಅದೇ ಶಾಲೆಗೆ ಮತ್ತೆ ಹೋಗಿ. ಟೇಪು, ಕೋಲು ಹುಡುಗಿಯರ ಕೈಯಲ್ಲೇ ಇರಲಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಪ್ರಶ್ನೆ ಬಂದರೂ ಉತ್ತರಿಸುವವರು ತಂಡದಲ್ಲಿರಲಿ. ಮುಂದಿನ ಭೇಟಿಗೆ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ನಮ್ಮದೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ, ನೀರಿಗಾಗಿ ಗುಡ್ಡ ಕೊರೆದ ಪಡ್ರೆ, ಬಾಯಾರಿನ ಸುರಂಗಗಳಿವೆ.

ಸೆಪ್ಟೆಂಬರಿನಲ್ಲಿ ಮೋಡ ಕವಿದರೆ? ಮಾರ್ಚ್ 20-21 ಇದ್ದೇ ಇದೆ. ನೆರಳು ಆಗಲೂ 22 ಸೆಂ.ಮೀ.; ಆದರೆ ಆ ಸಲ 12 ಗಂಟೆ 37 ನಿಮಿಷದವರೆಗೆ ಕಾಯಬೇಕು. ಅದೇ ಕೋಲು, ಅದೇ ಅಂಗಳ, ಹದಿನಾಲ್ಕು ನಿಮಿಷ ಏಕೆ ತಡವಾಯಿತು? ಉತ್ತರ ಮುಂದಿನ ವಿಡಿಯೋದಲ್ಲಿ.